ಕೆಂಚ್ಯಾನ ಗುರುತು

"ಕಚ್ಚತೈತ್ರೀ ಡಾಕ್ಟರ. ಕಚ್ಚೂ ನಾಯಿ ಅಂತ ಬರೀರಿ," ಎಂದು ಪರಮೇಶ್ವರಪ್ಪ ಶಿಗ್ಗಾಂವಿಯ ದನದ ದವಾಖಾನೆಯ ಹೊಸ್ತಿಲ ಮೇಲೆ ನಿಂತೇ ಹೇಳಿದ. ಡಾಕ್ಟರ್ ಪ್ರಹ್ಲಾದ ಆಗಲೇ ನಾಯಿಯ ಬಾಯಲ್ಲಿ ಬೆರಳಿಟ್ಟು ಹಲ್ಲು ನೋಡುತ್ತಿದ್ದರು. ಕೆಂಚ್ಯಾ ಅವರ ಮುಂಗೈಯನ್ನು ನಿಧಾನವಾಗಿ ನೆಕ್ಕಿ, ಸಾಕಿದವನ ಮಾತನ್ನು ಸುಳ್ಳು ಮಾಡಿತು.

ಮೂಲೆಯಲ್ಲಿ ನಿಂತಿದ್ದ ಸರೋಜವ್ವ ಸೆರಗಿನೊಳಗೇ ನಕ್ಕಳು. ಪರಮೇಶ್ವರಪ್ಪ ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಅವಳು ಹಟ ಹಿಡಿದು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತಿದ್ದಳು. ಈಗ ಅಂಡಮಾನಿನ ಸರಕಾರಿ ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿತ್ತು. ಮುಂದಿನ ಸೋಮವಾರ ಮದ್ರಾಸಿನಿಂದ ವಿಮಾನ. ಕೆಂಚ್ಯಾ ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು. ಗೊತ್ತಿಲ್ಲದ ಊರಿನಲ್ಲಿ, ಒಬ್ಬಳೇ ಇರುವ ಕೋಣೆಯಲ್ಲಿ, ಬಾಗಿಲ ಬಳಿ ತನ್ನದೊಂದು ಉಸಿರು ಇರಬೇಕು ಅಂತ ಅವಳ ಆಸೆ. ಭಾವನ ಲೆಕ್ಕ ಇನ್ನೂ ಸರಳ. ನಾಯಿ ನಿಂತರೆ ಇವಳೂ ನಿಂತಳು.

ಭಾವನ ಜೊತೆ ಎದುರಿಗೆ ನಿಂತು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಹೀಗಾಗಿ ಇಬ್ಬರೂ ಡಾಕ್ಟರರ ಮೂಲಕವೇ ಜಗಳಾಡುತ್ತಿದ್ದರು. ಪಾಪ, ಅವರಿಗೆ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿತ್ತು.

"ವಿಮಾನದವರ ಕಾಗದ ಬಂದದ," ಡಾಕ್ಟರು ಓದಿ ಹೇಳಿದರು. "ನಾಯಿ ಮಂದಿ ನಡುವ ಕೂಡೂಹಂಗಿಲ್ಲ. ಕೆಳಗ, ಸಾಮಾನಿನ ಜೋಡಿ ಇರಬೇಕು. ಎದ್ದು ನಿಂತು ಒಂದು ಸುತ್ತು ತಿರುಗೂವಷ್ಟು ಪೆಟ್ಟಿಗಿ ಬೇಕು. ಹುಚ್ಚುನಾಯಿ ಇಂಜಕ್ಷನ್ ಆಗಿರಬೇಕು. ಸರಕಾರಿ ಡಾಕ್ಟರು ಗುರುತು ಬರದು ಶಿಕ್ಕಾ ಹೊಡೀಬೇಕು."

"ಪೆಟ್ಟಿಗಿ ಸವಣೂರಾಗ ಅಕ್ಬರಸಾಬರ ಕಡೆ ಮಾಡಿಸೇನ್ರಿ. ಇಂಜಕ್ಷನ್ ನೀವ ಮಾಡೀರಿ," ಎಂದಳು ಸರೋಜವ್ವ.

"ಮದ್ರಾಸದಾಗ ಹತ್ತಿಸಿದ ನಾಯೀನ ಅಲ್ಲಿ ಇಳೀತೈತಿ ಅಂತ ಏನ ಗ್ಯಾರಂಟಿ, ಕೇಳ್ರಿ ಅಕೀನ್ನ," ಎಂದ ಪರಮೇಶ್ವರಪ್ಪ. "ಕರಿನೀರಿನ ಸಜಾ ಕೊಡತಿದ್ದ ಊರ್ರೀ ಅದು."

ಡಾಕ್ಟರು ಕಪಾಟಿನಿಂದ ಒಂದು ಫಾರ್ಮು ತೆಗೆದರು. ದವಾಖಾನೆಯಲ್ಲಿ ಇದ್ದದ್ದು ಎತ್ತಿನ ಫಾರ್ಮು ಒಂದೇ. ಅದರಲ್ಲಿ 'ಎತ್ತು' ಎಂಬುದನ್ನು ಹೊಡೆದು 'ನಾಯಿ' ಎಂದು ಬರೆದರು. ಬಣ್ಣ ಕೆಂಪು, ಗಂಡು, ವಯಸ್ಸು ಆರು. ಕೋಡು ಎಂಬಲ್ಲಿ ಒಂದು ಗೆರೆ ಎಳೆದರು. ಆಮೇಲೆ ಹಾಳೆ ಮಗುಚಲು ಹೋದರು.

"ಇಷ್ಟ ಏನ್ರಿ ಬರಿಯೂದು?" ಎಂದ ಪರಮೇಶ್ವರಪ್ಪ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಒಂದು ಸಂತೆ ಬಿಡದೆ ಎತ್ತು ಕೊಂಡು ಮಾರಿದವನು ಅವನು. ಹಲ್ಲು, ಗೊರಸು, ಸುಳಿ ನೋಡದೆ ಒಂದು ಕರುವನ್ನೂ ಹಟ್ಟಿಯಿಂದ ಹೊರಗೆ ಬಿಟ್ಟವನಲ್ಲ. "ಕೆಂಪು ನಾಯಿ ಅಂತ ಬರದ್ರ ಹಾದ್ಯಾಗ ಯಾರರ ಬದಲಿ ಮಾಡ್ತಾರ್ರಿ. ಊರಿಗೊಂದು ಕೆಂಪು ನಾಯಿ ಇರತೈತಿ. ಸರೀಗೆ ಬರೀರಿ."

ಹೊಸ್ತಿಲು ದಾಟಿ ಬಂದು ನಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೇಬಿಟ್ಟ. "ಬಲಗಿವಿ ತುದಿ ಹರದೈತಿ. ಗೋವಿನಜೋಳದ ಹೊಲದಾಗ ಹಂದಿ ಕೂಡ ಬಡದಾಡಿದ್ದು. ಎದಿಮ್ಯಾಲೆ ಒಂದು ಸುಳಿ ಐತಿ, ಎಡಕ್ಕ ತಿರಗೇತಿ. ಹಿಂದಿನ ಎಡಗಾಲಿಗೆ ಒಂದು ಉಗುರು ಹೆಚ್ಚು, ಇಲ್ನೋಡ್ರಿ. ಬಾಲದ ತುದಿಗೆ ಬೆರಳಷ್ಟು ಬಿಳೇದು." ಕೆಂಚ್ಯಾ ಅವನ ಮೊಣಕಾಲಿಗೆ ತಲೆ ಆನಿಸಿ, ಕಾಲು ಎತ್ತೆಂದಾಗ ಎತ್ತಿತು. ಡಾಕ್ಟರರ ಪೆನ್ನು ಓಡುತ್ತಿತ್ತು. ಸರೋಜವ್ವ ಉಸಿರು ಬಿಗಿಹಿಡಿದು ನಿಂತಳು. ತಾನು ಚಕಾರ ಎತ್ತಿದರೆ, ಅವನು ಬಂದದ್ದು ತನ್ನನ್ನು ತಡೆಯಲಿಕ್ಕೆ ಎಂಬುದು ಭಾವನಿಗೆ ನೆನಪಾದೀತು.

"ನಮ್ಮ ತಮ್ಮ ಹೋದಾಗ ಮೂರು ದಿನ ಅನ್ನ ಮುಟ್ಟಲಿಲ್ಲರೀ ಇದು," ಎಂದ ಪರಮೇಶ್ವರಪ್ಪ. "ಅದನ್ನ ಬರ್ಯಾಕ ಫಾರ್ಮಿನ್ಯಾಗ ಖಾನೆ ಇರಾಕಿಲ್ಲ, ಬಿಡ್ರಿ."

ತಾನು ತಡೆಯಲಿಕ್ಕೆ ಬಂದವನು ಎಂಬುದು ಅವನಿಗೆ ನೆನಪಾದದ್ದು ಆಗಲೇ. ಅವನು ಎದ್ದು ಬೆಂಚಿನ ಮೇಲೆ ಕೂತ. ದನಿ ಇಳಿದಿತ್ತು. "ಮಂದಿ ಏನಂತಾರ್ರೀ ಡಾಕ್ಟರ? ತಮ್ಮ ಸತ್ತಾನಂತ ಅವನ ಹೇಂತೀನ್ನ ದುಡಿಯಾಕ ಸಮುದ್ರ ದಾಟಿಸ್ಯಾನ ಅಂತಾರ. ಒಂದು ತುತ್ತು ಅನ್ನ ಹೆಚ್ಚಾಗಿತ್ತೇನೋ ಅಂತಾರ."

ಸರೋಜವ್ವ ಇಷ್ಟು ದಿನ ಇದನ್ನು ಅವನ ಸಿಟ್ಟು ಅಂದುಕೊಂಡಿದ್ದಳು. ಸಿಟ್ಟಾಗಿದ್ದರೆ ಎದುರಿಸುವುದು ಸುಲಭವಿತ್ತು. ಅವಳು ಸೆರಗು ಸರಿಮಾಡಿಕೊಂಡು ಡಾಕ್ಟರರ ಕಡೆಗೇ ನೋಡುತ್ತ, "ಯಾರೂ ದಾಟಿಸಾಕತ್ತಿಲ್ಲ ಅಂತ ಹೇಳ್ರಿ. ನಾನ ದಾಟಾಕತ್ತೇನಿ," ಎಂದಳು.

ಹೊರಗೆ ಯಾರದೋ ಎಮ್ಮೆ ಒದರಿತು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಫಾರ್ಮಿನ ಮುಂದಿನ ಖಾನೆಗೆ ಬಂದರು.

"ಮಾಲಕರ ಹೆಸರು?"

ರೇಷನ್ ಕಾರ್ಡಿನಿಂದ ಹೊಲದ ಪಹಣಿ ಉತಾರದವರೆಗೆ ಆ ಮನೆಯಲ್ಲಿ ಎಲ್ಲ ಕಾಗದಕ್ಕೂ ಒಂದೇ ಹೆಸರು, ಪರಮೇಶ್ವರಪ್ಪನದು. ಅವನು ಬೆಂಚಿನ ಬಳಿ ಬಂದ ನಾಯಿಯ ಹರಿದ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಸವರಿದ.

"ಸರೋಜವ್ವ," ಎಂದ ಕೊನೆಗೆ.

ಡಾಕ್ಟರು ಬರೆದು, ಅದರ ಮುಂದೆ 'ಕೋಂ' ಎಂದು ಸೇರಿಸಿ, ಗಂಡನ ಹೆಸರಿಗಾಗಿ ತಲೆ ಎತ್ತಿದರು.

"ಅದನ್ನ ಹೊಡದ ಹಾಕ್ರಿ," ಎಂದ ಪರಮೇಶ್ವರಪ್ಪ. "ಯಾರ ಹೇಂತಿ ಅನ್ನೂದು ಅಲ್ಲಿ ಯಾರಿಗೂ ಬೇಕಾಗಿಲ್ಲ. ಹೆಸರಿನ ಮುಂದ ನರ್ಸ್ ಅಂತ ಬರೀರಿ."