ಹಿಂದಿನ ದೀಪ ಉರಿಯುತ್ತಿಲ್ಲ

"ಹಿಂದಿನ ದೀಪ ಉರೀತಿಲ್ಲ. ಗೊತ್ತಾ?"

ಟಾರ್ಚಿನ ಬೆಳಕು ನೇರ ಕಣ್ಣಿಗೇ ಬಿತ್ತು. ಅವನು ಬೈಕಿನ ಮೇಲೆ ಕೂತಲ್ಲೇ ಕೂತ. ಎರಡೂ ಕೈ ಹ್ಯಾಂಡಲ್ ಮೇಲೆ, ಬೆರಳುಗಳೆಲ್ಲ ಕಾಣುವ ಹಾಗೆ. ಮುಷ್ಟಿ ಬಿಗಿದರೆ ಏನೋ ಬಚ್ಚಿಟ್ಟಿದ್ದಾನೆ ಅಂತಾರೆ, ಇಳಿದರೆ ಓಡೋಕೆ ನೋಡಿದ ಅಂತಾರೆ. ಮಲೇಷ್ಯಾದ ಕ್ಲಾಂಗಿನ ಈ ಫ್ಲ್ಯಾಟುಗಳಲ್ಲಿ ಬೆಳೆದ ತಮಿಳು ಹುಡುಗರಿಗೆ ಇದನ್ನೆಲ್ಲ ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಮನೆಯಲ್ಲೇ ಕಲಿಯಬೇಕು.

"ಗೊತ್ತಿರಲಿಲ್ಲ ಸರ್. ನಾಳೆ ಬಲ್ಬು ಹಾಕಿಸ್ತೀನಿ."

"ನಾಳೆ ಹಾಕಿಸ್ತಾನಂತೆ. ಇವತ್ತೇ ಲಾರಿ ಬಂದು ಗುದ್ದಿದ್ರೆ? ಹೆಸರೇನು?"

"ಮುಗಿಲನ್, ಸರ್."

"ಎಲ್ಲಿಂದ ಬರ್ತಿದೀಯ?"

"ಟೈರ್ ಗೋದಾಮಿಂದ. ಕೆಲಸ ಮುಗೀತು, ಮನೆಗೆ ಹೊರಟಿದೀನಿ."

ಅವನಿಗೆ ಬೇಕಾಗಿದ್ದು ಇಷ್ಟೇ. ಮುಗಿಲನ್ ಮನೆ ಮುಟ್ಟಬೇಕು. ದಂಡ ಹಾಕಲಿ, ಬೈಯಲಿ, ಬೈಕನ್ನೇ ಎತ್ತಿಕೊಂಡು ಹೋಗಲಿ, ಮುಗಿಲನ್ ಮಾತ್ರ ಮನೆ ಮುಟ್ಟಬೇಕು.

ಮೇಲಿನ ಮಹಡಿಯಲ್ಲಿ ಲೆಚ್ಚುಮಿ ಅಕ್ಕ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಿದ್ದವಳು ಕೆಳಗೆ ಇಣುಕಿದಳು. ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಂಥದ್ದಕ್ಕೆಲ್ಲ ಯಾರು ಅಡ್ಡ ಬರುತ್ತಾರೆ?

ಹೋದ ಸಲ ಕಾಫಿಗೆ ಅಂತ ಏನನ್ನೂ ಕೊಡದೆ ಕೂತು ಕೆಲಸ ಕೆಟ್ಟಿತ್ತು. ಈ ಸಲ ಮೆಲ್ಲಗೆ ಬಾಯಿಬಿಟ್ಟ.

"ಸರ್, ನೀವೊಂದು ಕಾಫಿ ಕುಡೀರಿ. ಇಲ್ಲೇ ಮುಗಿಸಿಬಿಡೋಣ."

"ಓಹೋ. ನಿಮ್ಮಪ್ಪನ ಕಾಫಿ ಅಂಗಡೀನಾ ಇದು? ದೀಪ ಹಾಕ್ಸೋಕೆ ದುಡ್ಡಿಲ್ಲ, ಲಂಚಕ್ಕೆ ಇದೆ."

"ತಪ್ಪಾಯ್ತು ಸರ್."

ಮಲಯ ಭಾಷೆಯಲ್ಲಿ ಶುರುವಾದ ಪ್ರಶ್ನೆಗಳು ಕೋಪ ಏರಿದ ಹಾಗೆ ತಮಿಳಿಗೆ ಜಾರಿದವು. ತಮಿಳು ಬರುವ ಪೊಲೀಸರು ಊರಲ್ಲಿ ಇಲ್ಲವೆಂದೇನಲ್ಲ.

"ತೋಳಲ್ಲಿ ಏನದು ಹಚ್ಚೆ?"

ಅವನು ತೋಳು ಚಾಚಿದ. ಟಾರ್ಚು ಅತ್ತ ಹೊರಳಲೂ ಇಲ್ಲ.

"ವೇಲ್, ಸರ್. ಮುರುಗನ್ ಕೈಯ ಈಟಿ. ತೈಪೂಸ ಹಬ್ಬಕ್ಕೆ ಹರಕೆ ಇತ್ತು."

"ಎಷ್ಟನೇ ನಂಬರಿನ ಗ್ಯಾಂಗು?"

"ಗ್ಯಾಂಗಲ್ಲ ಸರ್. ದೇವರದ್ದು."

"ಲಾಕಪ್ಪಲ್ಲಿ ಇರೋರೆಲ್ಲ ದೇವರ ಮಕ್ಕಳೇ ಬಿಡು."

ಅವನು ನಗಲಿಲ್ಲ. ನಕ್ಕರೆ ಉಡಾಫೆ. ಕೈ ಮುಗಿದು ಬೇಡಲೂ ಇಲ್ಲ. ಬೇಡಿಕೊಂಡರೆ ಏನೋ ತಪ್ಪು ಮಾಡಿಯೇ ಇದ್ದಾನೆ ಅಂತ ಆಗುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಿಯಾಗಿತ್ತು.

"ಗುರುತಿನ ಕಾರ್ಡು ತೆಗಿ."

"ಬ್ಯಾಗಲ್ಲಿದೆ ಸರ್. ಕೈ ಹಾಕಲಾ?"

"ತೆಗಿ ಅಂದೆ."

"ನಿಧಾನಕ್ಕೆ ತೆಗೀತೀನಿ. ನೀವು ನೋಡ್ತಾ ಇರಿ ಸರ್. ಎರಡೇ ಬೆರಳು."

ಎದೆಗೆ ತೂಗಿದ್ದ ಬ್ಯಾಗಿನ ಜಿಪ್ಪನ್ನು ಸದ್ದಾಗದಂತೆ ಎಳೆದ. ಟಾರ್ಚು ಹಿಡಿದ ಕೈ ಬ್ಯಾಗಿನತ್ತ ಹೊರಳಿತು. ಇನ್ನೊಂದು ಕೈ ಸೊಂಟದಿಂದ ಮೇಲೆದ್ದು ಅವನ ಎದೆಗೆ ನೆಟ್ಟಗಾಯಿತು.

"ಮಚ್ಚು ತೆಗೀತಿದಾನೆ."

"ಇಲ್ಲ ಸರ್, ಕಾರ್ಡು ಸರ್, ನೀವೇ ಹೇಳಿದ್ರಲ್ಲ..."

"ಢಂ."

ಸದ್ದು ಬಂದದ್ದು ಬಾಯಿಂದ. ಎದೆಗೆ ನೆಟ್ಟಿದ್ದು ಎರಡು ಬೆರಳು. ಅಮ್ಮ ಟಾರ್ಚು ಆರಿಸಿದಳು. ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಈ ಸಲ ಎಲ್ಲಾ ಸರಿಯಾಗೇ ಹೇಳಿದೆನಲ್ಲಮ್ಮ."

"ಹೇಳಿದೆ ಕಣೋ. ಆದ್ರೂ ಅವರು ಹೊಡೀತಾರೆ."

"ಹಾಗಾದ್ರೆ ಇನ್ನೇನು ಹೇಳ್ಬೇಕು?"

ಅಮ್ಮ ಮಂಡಿ ಹಿಡಿದುಕೊಂಡು ಎದ್ದಳು.

"ಏನೋ ಒಂದು ಮಾತು ಇದ್ದೇ ಇರುತ್ತೆ ಕವಿನೇಶಾ. ನಿಮ್ಮಣ್ಣನಿಗೆ ಆವತ್ತು ಹೊಳೀಲಿಲ್ಲ, ಅಷ್ಟೆ. ಇನ್ನೊಂದು ಸಲ ಕೂರಪ್ಪ."

ಬೈಕು ಓಡಿಸಲು ಬಾರದ ಕವಿನೇಶ್, ಮೂರು ವರ್ಷದ ಹಿಂದೆ ಇದೇ ಬೈಕಿನ ಮೇಲೆ ಪೊಲೀಸರ ಗುಂಡಿಗೆ ಸತ್ತ ಅಣ್ಣ ಮುಗಿಲನ್ ಆಗಿ, ಮತ್ತೆ ಹತ್ತಿ ಕೂತ.