ಪೆಂಗ್ವಿನ್ ಚಿತ್ರದ ಒಂದೇ ಕೊರತೆ

ಪತ್ರಿಕೆಗೆ ವಿಮರ್ಶೆ ಬರೆಯುವ ಪ್ರಫುಲ್ಲಾ ಆ ಪೆಂಗ್ವಿನ್ ಸಾಕ್ಷ್ಯಚಿತ್ರಕ್ಕೆ ಬೇಕೆಂದೇ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಚಿತ್ರ ಮುಗಿದು ಹೊರಬಂದರೆ, ಅದಕ್ಕೆ ಕನ್ನಡದಲ್ಲಿ ಹಿನ್ನೆಲೆ ದನಿ ಕೊಟ್ಟವನು ಬಾಗಿಲಲ್ಲೇ ನಿಂತು ಎಲ್ಲರ ಕೈ ಕುಲುಕುತ್ತಿದ್ದ. ಅವಳನ್ನು ಕಂಡದ್ದೇ ಅವನ ನಗು ಪೆಚ್ಚಾಯಿತು.

“ನೀನು ಬರ್ತೀಯ ಅಂದ್ಕೊಂಡಿರ್ಲಿಲ್ಲ. ಹೇಗಿತ್ತು?”

“ಛಾಯಾಗ್ರಹಣ ಅದ್ಭುತ. ಮರಿಗಳು ಜಾರಿ ಬೀಳೋವಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ರು. ಅಪ್ಪ ಪೆಂಗ್ವಿನ್ ಉಪವಾಸ ಇದ್ದು ಮೊಟ್ಟೆ ಕಾಯೋ ಕಡೆ ನಿಮ್ಮ ಗಂಟಲೇ ಕಟ್ಟಿತ್ತು.”

ಅವನ ಮುಖ ಅರಳಿತು. “ಕೊರತೆ ಏನಾದ್ರೂ?”

“ಒಂದು ಮಾತು ಮಾತ್ರ ನಂಬೋಕಾಗ್ಲಿಲ್ಲ. ಸಾವಿರಾರು ಹಕ್ಕಿಗಳ ಗದ್ದಲದಲ್ಲೂ ಮರಿ ತನ್ನಪ್ಪನ ದನಿ ಗುರುತು ಹಿಡಿಯುತ್ತೆ ಅಂದ್ರಲ್ಲ, ಅದು.”

“ಅಯ್ಯೋ, ವಿಜ್ಞಾನಿಗಳೇ ಹೇಳಿರೋದು!”

ಬಸುರಿಯಾಗಿದ್ದಾಗಿನಿಂದ ಹಲ್ಲು ಕಚ್ಚಿ ಇದೇ ಗಳಿಗೆಗೆ ಕಾದಿದ್ದ ಪ್ರಫುಲ್ಲಾ, ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

“ಪುಟ್ಟಿ, ಅಷ್ಟು ಹೊತ್ತೂ ಮಾತಾಡಿದ್ದು ಇವರೇ. ಯಾರು ಹೇಳು ನೋಡೋಣ?”

ಅವನದೇ ಮೂಗು, ಅವನದೇ ಗಲ್ಲದ ಗುಳಿ ಹೊತ್ತ ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಗೊತ್ತಿಲ್ಲಮ್ಮ, ಯಾರು ಈ ಅಂಕಲ್?” ಎಂದಳು.