ಬಲಭುಜದ ಮೆತ್ತೆ

ಹುಡುಗಿಯ ಬಲಭುಜ ಎಡಕ್ಕಿಂತ ಎರಡು ಬೆರಳು ತಗ್ಗಿತ್ತು. ಟೈಲರಮ್ಮ ಟೇಪು ಸರಿಯಾಗಿ ಹಿಡಿದು ಮತ್ತೆ ನೋಡಿದಳು. ಎರಡೇ. ಹೋದ ವರ್ಷ ಒಂದು, ಅದರ ಹಿಂದಿನ ವರ್ಷ ಅರ್ಧ. ಆ ಎರಡು ಸಲವೂ ಯಾರಿಗೂ ಹೇಳದೆ ಶಾಲೆಯ ಕೋಟಿನ ಬಲಭುಜದೊಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿದಿದ್ದಳು. ಮೈಯ ಕುಂದನ್ನು ಬಟ್ಟೆಯಲ್ಲಿ ಮುಚ್ಚುವುದು, ಮುಚ್ಚಿದ್ದನ್ನು ಬಾಯಿಬಿಟ್ಟು ಹೇಳದಿರುವುದು ಅವಳ ಕಸುಬಿನ ಮರ್ಯಾದೆ. ಎಷ್ಟೋ ಬೊಜ್ಜುಗಳು, ಗೂನುಗಳು ಅವಳ ಕೈಯಲ್ಲಿ ಮಾನ ಉಳಿಸಿಕೊಂಡಿದ್ದವು.

ತಾಯಿ ಈ ವರ್ಷದ ಹೊಸ ಕೋಟಿಗೆ ಗುಂಡಿ ಆರಿಸಲು ಎದುರಿನ ಅಂಗಡಿಗೆ ಹೋಗಿದ್ದಳು. ಹುಡುಗಿಗೆ ಹನ್ನೆರಡು ವರ್ಷ, ಬಾಯಿ ಸುಮ್ಮನಿರದು. ಆ ದಿನದ ವಿಜ್ಞಾನದ ಪಾಠವೆಲ್ಲ ಟೈಲರಮ್ಮನ ಕಿವಿಗೆ ಬಿತ್ತು. ಬೆನ್ನುಮೂಳೆ ಒಂದೇ ಮೂಳೆಯಲ್ಲವಂತೆ, ಮಣಿ ಪೋಣಿಸಿದ ಹಾಗೆ ತುಂಡು ತುಂಡಂತೆ. ಮಣಿಗಳ ತೂತಿನೊಳಗೆ ಮಿದುಳಿನಿಂದ ಇಳಿದ ಬೆನ್ನುಹುರಿ. ಮೀನಿಗೂ ಹಾವಿಗೂ ಆನೆಗೂ ಅದೇ ಏರ್ಪಾಡು. ಮೂಳೆಗೆ ಮೂಳೆ ಉಜ್ಜದಿರಲೆಂದು ನಡುನಡುವೆ ಮೆತ್ತೆ.

"ಅಲ್ಲೂ ಮೆತ್ತೇನಾ?" ಟೈಲರಮ್ಮ ನಕ್ಕಳು.

"ಹ್ಞೂಂ ಆಂಟಿ. ಪಕ್ಕದಿಂದ ನೋಡಿದ್ರೆ ಬೆನ್ನು ಸ್ವಲ್ಪ ಬಾಗಿರ್ಬೇಕು. ಹಿಂದಿನಿಂದ ನೋಡಿದ್ರೆ ಮಾತ್ರ ಸ್ಕೇಲ್ ಇಟ್ಟ ಹಾಗೆ ನೆಟ್ಟಗಿರ್ಬೇಕಂತೆ."

ಟೈಲರಮ್ಮನ ನಗು ನಿಂತಿತು. ಹುಡುಗಿಯ ಕುತ್ತಿಗೆಯ ಬುಡದಲ್ಲಿ ಹೆಬ್ಬೆರಳಿಟ್ಟು ಒಂದೊಂದೇ ಮಣಿ ಮುಟ್ಟುತ್ತ ಕೆಳಗಿಳಿದಳು. ನಾಲ್ಕೈದು ಮಣಿ ನೇರವಾಗಿದ್ದವು. ಆಮೇಲೆ ಬೆರಳು ತಾನಾಗಿಯೇ ಎಡಕ್ಕೆ ಸರಿದು, ಸೊಂಟದ ಹತ್ತಿರ ಮತ್ತೆ ನಡುವಿಗೆ ಬಂತು. ಮತ್ತೊಮ್ಮೆ ಮೇಲಿನಿಂದ ಮುಟ್ಟಿ ನೋಡಿದಳು, ಅಲ್ಲೇ ಸರಿಯಿತು. ಭುಜ ತಗ್ಗಿದೆ ಎಂದಷ್ಟೇ ತಿಳಿದಿದ್ದಳು, ಬೆನ್ನಿನ ಯೋಚನೆಯೇ ಬಂದಿರಲಿಲ್ಲ. ಮಗು ಒಂದು ಕಡೆ ವಾಲುತ್ತದೆ ಎಂದು ಹುಡುಗಿಯ ಸೋದರತ್ತೆ ಯಾವಾಗಲೋ ಅಂದಾಗ, ತಾಯಿ ಟೈಲರಮ್ಮ ಹೊಲಿದ ಕೋಟನ್ನೇ ತೊಡಿಸಿ ನಿಲ್ಲಿಸಿ ಅತ್ತೆಯ ಬಾಯಿ ಮುಚ್ಚಿಸಿದ್ದಳಂತೆ. ಆ ಮಾತನ್ನು ಕೇಳಿ ಆಗ ಟೈಲರಮ್ಮ ಉಬ್ಬಿಹೋಗಿದ್ದಳು. ಈಗ ತನ್ನ ಕೈಚಳಕದ ಮೇಲೆ ಅವಳಿಗೇ ಅಸಹ್ಯವಾಯಿತು.

ಅಳತೆಗೆಂದು ತಂದಿದ್ದ ಹಳೆಯ ಕೋಟನ್ನು ಎಳೆದುಕೊಂಡಳು. ಬ್ಲೇಡಿನಿಂದ ಅಸ್ತರಿನ ಹೊಲಿಗೆ ಬಿಚ್ಚಿ, ಮೆತ್ತೆಯನ್ನು ಹೊರತೆಗೆದು, ಕೋಟನ್ನು ಹುಡುಗಿಗೆ ತೊಡಿಸಿ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದಳು.

ಗುಂಡಿಯ ಪೊಟ್ಟಣ ಹಿಡಿದು ಒಳಗೆ ಬಂದ ತಾಯಿ ಹೊಸ್ತಿಲಲ್ಲೇ ನಿಂತಳು. ಚೆನ್ನಾಗಿದ್ದ ಕೋಟನ್ನು ಕೆಡಿಸಿಬಿಟ್ಟಿರಲ್ಲ, ಒಂದು ಕಡೆ ಜೋತುಬಿದ್ದಿದೆ ಎಂದು ಬೇಜಾರು ಮಾಡಿಕೊಂಡಳು. ಟೈಲರಮ್ಮ ಮೆತ್ತೆಯನ್ನು ಅವಳ ಅಂಗೈಯಲ್ಲಿಟ್ಟು, ಎರಡು ವರ್ಷದ ಸಂಗತಿಯನ್ನು ಒಂದೂ ಬಿಡದೆ ಹೇಳಿದಳು. ಬೆಳೆಯುವ ಮೂಳೆ, ಬಲಿಯುವುದರೊಳಗೆ ಡಾಕ್ಟರಿಗೆ ತೋರಿಸಿ, ನಾಳೆಗೂ ಕಾಯಬೇಡಿ ಎಂದಳು.

ತಾಯಿಗೆ ನಂಬಲಾಗಲಿಲ್ಲ. "ಇಷ್ಟು ದಿನ ನೆಟ್ಟಗೇ ಇದ್ಲಲ್ಲ ಅಕ್ಕಾ?"

"ಅವಳಲ್ಲ ಕಣಮ್ಮ. ನೆಟ್ಟಗಿದ್ದದ್ದು ನಾನು ಹೊಲಿದ ಕೋಟು."